ತಮ್ಮ ಗೋಡೆಯ ಹೊರಗೆ ನಿಂತ ಗೌಸಮೊದ್ದೀನ ಸಾಹೇಬರು

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ಗೋಕುಲ ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಹೊತ್ತಿನಲ್ಲಿ, ತೋಳುದ್ದದ ಉಣ್ಣೆಯ ಸ್ವೆಟರು ತೊಟ್ಟು, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕಾರ್ಖಾನೆಯ ಅಂಗಳದಲ್ಲಿ ಗಂಭೀರವಾಗಿ ನಡೆದುಹೋಗುವ ವ್ಯಕ್ತಿಯನ್ನು ಕಂಡರೆ ಹೊಸಬರು ಪಾಪ, ಚಳಿಜ್ವರವಿರಬೇಕೆಂದು ಮರುಗುತ್ತಾರೆ. ಬಲ್ಲವರು ಮರುಗುವುದಿಲ್ಲ, ದಾರಿ ಬಿಡುತ್ತಾರೆ. ಏಕೆಂದರೆ ಗೌಸಮೊದ್ದೀನ ಸಾಹೇಬರು ನೀರೆತ್ತುವ ಪಂಪು ತಯಾರಿಸುವ ಆ ಕಾರ್ಖಾನೆಯ ಸಮಸ್ತ ಗಣಕಯಂತ್ರಗಳ ಅಧಿಪತಿಗಳು. ಅವರ ಸರ್ವರ್ ಕೋಣೆಯಲ್ಲಿ ಯಂತ್ರಗಳ ಆರೋಗ್ಯಕ್ಕಾಗಿ ವರ್ಷವಿಡೀ ಮಾಗಿಯ ಚಳಿಯನ್ನು ಕಾಪಾಡಲಾಗುತ್ತದೆ. ಹುಬ್ಬಳ್ಳಿಯ ಬೇಸಿಗೆಯನ್ನು ಅವರು ಕಿಟಕಿಯ ಗಾಜಿನಾಚೆಗಷ್ಟೇ ಬಲ್ಲರು. ಅಂಗಳ ದಾಟಿ ಹಿಂಭಾಗದ ಕ್ವಾರ್ಟರ್ಸಿಗೆ ಊಟಕ್ಕೆ ಹೋಗಿಬರುವ ಆ ಎರಡು ನಿಮಿಷದ ಪ್ರವಾಸಕ್ಕಾಗಿ ಸ್ವೆಟರು ಕಳಚುವುದು ಅವರಿಗೆ ಅಪವ್ಯಯವೆನಿಸುತ್ತಿತ್ತು.

ಅವರ ಮಾತಿನಲ್ಲೊಂದು ಪಲ್ಲವಿಯಿತ್ತು. ಯಾರು ಏನು ಕೇಳಿದರೂ ತಲೆಯನ್ನು ತುಸು ವಾಲಿಸಿ, "ಯಾಕ ಬೇಕು, ಮೊದಲ ಅದನ್ನ ಹೇಳ್ರಿ" ಎನ್ನುತ್ತಿದ್ದರು. ಲೆಕ್ಕಪತ್ರ ವಿಭಾಗದವರು ಹೊಸ ಪಾಸ್‌ವರ್ಡು ಕೇಳಿದರೂ ಅದೇ, ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಇನ್ನೊಂದು ಜಿಲೇಬಿ ಹಾಕಲೇ ಎಂದರೂ ಅದೇ. ಇದು ಅಹಂಕಾರದಿಂದ ಬಂದದ್ದಲ್ಲ. ಅಥವಾ ಪೂರ್ತಿ ಅಹಂಕಾರದಿಂದ ಬಂದದ್ದಲ್ಲ. ಹೊರಗಿನ ಇಂಟರ್ನೆಟ್ಟಿಗೂ ಕಾರ್ಖಾನೆಯ ಒಳಜಾಲಕ್ಕೂ ನಡುವೆ ನಿಂತು, ಯಾರು ಬರಬಹುದು ಯಾರು ಬರಕೂಡದು ಎಂದು ತೀರ್ಮಾನಿಸುವ ಫೈರ್‌ವಾಲ್ ಎಂಬ ಪುಟ್ಟ ಪೆಟ್ಟಿಗೆಯೊಂದಿದೆಯಲ್ಲ, ಅದರ ಜೊತೆ ಬಹುಕಾಲ ಸಂಸಾರ ಮಾಡಿದ ಫಲ. ಅದನ್ನವರು "ನಮ್ಮ ಗ್ವಾಡಿ" ಎಂದು ಕರೆಯುತ್ತಿದ್ದರು. ಬೇರೆಯವರು ಮಕ್ಕಳ ಅಂಕಗಳನ್ನು ಹೇಳಿಕೊಳ್ಳುವಂತೆ ಅವರು ಆ ದಿನ ಗೋಡೆ ಎಷ್ಟು ಜನ ಆಗಂತುಕರನ್ನು ತಿರುಗಿಸಿ ಕಳಿಸಿತೆಂಬುದನ್ನು ಹೇಳಿಕೊಳ್ಳುತ್ತಿದ್ದರು. ಕಾರ್ಖಾನೆಯೊಳಗೆ ನೌಕರರು ಪರಸ್ಪರ ಸಂದೇಶ ಕಳಿಸಲೆಂದು ಅವರೇ ಒಂದು ವ್ಯವಸ್ಥೆ ಕಟ್ಟಿದ್ದರು. ಜನ ಅದನ್ನು ಚಾಟ್ ಎನ್ನುತ್ತಿದ್ದರು. ಸಾಹೇಬರು ಆಂತರಿಕ ಸಂವಹನ ಎನ್ನುತ್ತಿದ್ದರು. ಗೋಡೆಯೊಳಗೆ ಕುಳಿತವರಿಗೆ ಅದು ಮಿಂಚಿನಂತೆ ಓಡುತ್ತಿತ್ತು. ಹೊರಗಿನವರಿಗೆ ಅದು ಇದೆಯೆಂಬುದೇ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಬಾರದೆಂಬುದೇ ಅವರ ಸಂಕಲ್ಪವೂ ಆಗಿತ್ತು.

ತೊಡಕು ಬಂದದ್ದು ವಾಟ್ಸಾಪಿನಿಂದ. ಊರೂರು ತಿರುಗಿ ಪಂಪು ದುರಸ್ತಿ ಮಾಡುವ ಮೆಕ್ಯಾನಿಕರು ಅದುವರೆಗೆ ಅದರಲ್ಲೇ ನಕ್ಷೆ ತರಿಸಿಕೊಳ್ಳುತ್ತಿದ್ದರು. ಒಂದು ದಿನ ಕಾರ್ಖಾನೆಯ ಹೊಸ ಪಂಪಿನ ಗುಟ್ಟಿನ ನಕ್ಷೆ ಕೈತಪ್ಪಿ ಯಾರದೋ ಮದುವೆಯ ಗುಂಪಿಗೆ ಹೋಗಿ ಬಿದ್ದು, ಮದುಮಗಳ ಸೋದರಮಾವ ಅದಕ್ಕೆ ಕೈಮುಗಿದು ಶುಭ ಹಾರೈಸಿದ್ದು ಮಾಲೀಕರಾದ ಅರ್ಜುನಪ್ಪನವರ ಕಿವಿಗೆ ಮುಟ್ಟಿತು. ಅಂದಿನಿಂದ ಕಚೇರಿಯ ವಿಷಯಕ್ಕೆ ವಾಟ್ಸಾಪು ನಿಷಿದ್ಧ. ಸಾಹೇಬರು ತಮ್ಮ ಗೋಡೆಗೆ ಸಂದ ಗೌರವವೆಂದು ಒಳಗೊಳಗೇ ಹಿಗ್ಗಿದರು. ಹಿಗ್ಗು ಬಹಳ ದಿನ ಬಾಳಲಿಲ್ಲ. ಅರ್ಜುನಪ್ಪನವರು ಸ್ವತಃ ಆ ಚಳಿಗೋಣೆಗೆ ಬಂದು ಬಾಗಿಲಲ್ಲೇ ನಿಂತರು.

"ಗೌಸ್ ಸಾಹೇಬ್ರ, ಹೊರಗಿದ್ದ ಮೆಕ್ಯಾನಿಕ್ ಮಾಲತೇಶಗ ಸುದ್ದಿ ಮುಟ್ಟಸೂದ ಹೆಂಗ್ರಿ? ಫೋನ್ ಹಚ್ಚಿದ್ರ ಪಂಪಿನ ಸಪ್ಪಳದಾಗ ಏನೂ ಕೇಳಸೂದಿಲ್ಲ ಅಂತಾನ."

"ನಮ್ಮ ಚಾಟ್ ಐತಲ್ರಿ. ಒಳಗ ಬಂದ ಕುಂತ್ರ ಮುಟ್ಟತೈತಿ."

"ಅವಾ ಒಳಗ ಬಂದ ಕುಂತ್ರ ಊರಾಗಿನ ಪಂಪು ಯಾರು ರಿಪೇರಿ ಮಾಡ್ತಾರ, ನೀವೇನು?"

ಸಾಹೇಬರು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. ಅರ್ಜುನಪ್ಪನವರು ಹೋಗುವ ಮುನ್ನ ಮೆತ್ತಗಿನ ದನಿಯಲ್ಲೇ ಹೇಳಿದರು: "ಸೋಮವಾರದ ತನಕಾ ನೋಡ್ತೇನಿ. ಹೊರಗಿನ ಹುಡುಗರ ಕೈಯಾಗ ಈ ಚಾಟ್ ನಡೀಬೇಕು. ಇಲ್ಲಂದ್ರ ಎಲ್ಲಾನೂ ಬೆಂಗಳೂರಿನ ಕಂಪನಿಗೆ ಕೊಟ್ಟು ಈ ಖೋಲಿ ಖಾಲಿ ಮಾಡೂದು. ಚಿಂತಿ ಮಾಡಬ್ಯಾಡ್ರಿ, ಸ್ಟೋರ್ಸಿನ್ಯಾಗ ನಿಮಗೊಂದು ಖುರ್ಚಿ ಐತಿ."

ಸ್ಟೋರ್ಸಿನಲ್ಲಿ ಏಸಿ ಇರಲಿಲ್ಲ; ಇದ್ದದ್ದು ಗ್ರೀಸಿನ ಡಬ್ಬಿಗಳು. ಗೋಡೆಯಿಲ್ಲದ ತಮ್ಮನ್ನು ಸಾಹೇಬರು ಕಲ್ಪಿಸಿಕೊಳ್ಳಲು ಯತ್ನಿಸಿದರು, ಆಗಲಿಲ್ಲ.

ಆದರೆ ಕೆಲಸಕ್ಕೆ ಇಳಿದರೆ ಅವರು ಕುಶಲರೇ. ತಮ್ಮ ಸಹಾಯಕಿ ಸುಕನ್ಯಾಳನ್ನು ಎದುರಿಗೆ ಕೂರಿಸಿಕೊಂಡು ಇಡೀ ಯೋಜನೆಯನ್ನು ಮನೆಯ ಲೆಕ್ಕದಲ್ಲಿ ಬಿಡಿಸಿ ಹೇಳಿದರು. "ಹೊರಗಿನವರನ್ನ ಪಡಸಾಲಿಗೆ ಬಿಡೂದಿಲ್ಲ. ಮನಿ ಮುಂದ ಒಂದು ಕಟ್ಟಿ ಕಟ್ಟೂನು. ಬಂದವರು ಕಟ್ಟೀ ಮ್ಯಾಲ ಕುಂಡ್ರಬೇಕು, ಅಲ್ಲಿ ಹೇಳಬೇಕು. ಕಟ್ಟೀ ಮ್ಯಾಗಿನ ನಮ್ಮ ಮನಶ್ಯಾ ಅಷ್ಟ ಒಳಗ ಬಂದು ಸುದ್ದಿ ಮುಟ್ಟಸ್ತಾನ." ಗೋಡೆಯ ಹೊರಮಗ್ಗುಲಿಗೆ ಒಂದು ಚಿಕ್ಕ ಸರ್ವರನ್ನು ಕಟ್ಟೆಯಂತೆ ನಿಲ್ಲಿಸಿದರು. ಮೆಕ್ಯಾನಿಕರ ಫೋನುಗಳನ್ನೆಲ್ಲ ತರಿಸಿ ಅವುಗಳಲ್ಲಿ ಚಾಟಿನ ವಿಳಾಸ ತುಂಬಿಸಿದರು. ಶುಕ್ರವಾರ ಸಂಜೆ ಮನೆಗೆ ಹೋಗಿ, ಮಂಚದ ಮೇಲೆ ದಿಂಬಿಗೊರಗಿ, ಹೊರಗಿನವರ ಪರವಾಗಿ ತಾವೇ ಒಂದು ಸಂದೇಶ ಕಳಿಸಿದರು. ಕಚೇರಿಯಲ್ಲಿದ್ದ ಸುಕನ್ಯಾಳಿಂದ ತಕ್ಷಣ ಉತ್ತರ ಬಂತು. ಕಾರ್ಯ ಸಿದ್ಧಿಸಿತೆಂದು ಸಮಸ್ತರಿಗೂ ಒಂದು ದೀರ್ಘ ಪ್ರಕಟಣೆ ಹೊರಡಿಸಿ ಸಾಹೇಬರು ಸಂತೃಪ್ತರಾಗಿ ನಿದ್ರಿಸಿದರು.

ಶನಿವಾರ ಬೆಳಿಗ್ಗೆ ಮಾಲತೇಶನ ಫೋನು ಬಂತು. ಅವನು ಗದಗ ರಸ್ತೆಯ ಕಡೆ ಒಂದು ಊರಿನ ನೀರೆತ್ತುವ ಮನೆಯಿಂದ ಹೊರಗೋಡಿ ಬಂದು ಕೂಗುತ್ತಿದ್ದ. "ಸಾಹೇಬ್ರ, ನಿಮ್ಮ ಚಾಟ್ ಗರಗರ ತಿರುಗಾಕತ್ತೈತಿ, ಒಳಗ ಹೋಗವಲ್ದು."

"ನಿನ್ನ ಫೋನ್ ಹಳೇದೈತಿ."

"ಹೋದ ತಿಂಗಳ ತೊಗೊಂಡೇನ್ರಿ."

"ಹಂಗಾದ್ರ ಆ ಊರ ಹಳೇದಿರಬೇಕು."

ಆಮೇಲೆ ಹೊರಗಿದ್ದ ಉಳಿದ ಮೆಕ್ಯಾನಿಕರೂ ಒಬ್ಬೊಬ್ಬರಾಗಿ ಅದನ್ನೇ ಹೇಳತೊಡಗಿದರು. ಇಷ್ಟು ಊರುಗಳು ಒಟ್ಟಿಗೆ ಹಳತಾಗುವುದು ಅಸಂಭವವೆಂದು ಸಾಹೇಬರಿಗೂ ಅನಿಸಿತು. ಮಧ್ಯಾಹ್ನ ಊಟಕ್ಕೆ ಹೋದವರು ತಟ್ಟೆ ಬದಿಗಿಟ್ಟು ಮತ್ತೆ ಸಂದೇಶ ಕಳಿಸಿ ನೋಡಿದರು, ಹೋಯಿತು. ಮತ್ತೊಂದು, ಅದೂ ಹೋಯಿತು. "ನನಗ ಬರೋಬ್ಬರಿ ನಡಿಯಾಕತ್ತೈತಿ, ಅವರಿಗೇನ ಧಾಡಿ" ಎಂದು ತಟ್ಟೆಗೆ ಹೇಳಿಕೊಂಡರು.

ಅವರ ಹೆಂಡತಿ ತಾಜಬಿ ಕುಂದಗೋಳದ ಓಣಿಯಲ್ಲಿ ಬೆಳೆದವರು. ಮನೆಯಲ್ಲಿ ಗಂಡನ ಜೊತೆ ಉರ್ದು ಮಾತಾಡಿದರೂ ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು. ಅಂದೂ ಹೊರಳಿದರು. "ನಾ ಅಡಿಗಿ ವಿಡಿಯೋ ನೋಡಬೇಕಂದ್ರ ದಿನಾ ರಸ್ತೆ ಕಡೆ ಮೆಟ್ಲ ಮ್ಯಾಲ ಹೋಗಿ, ನನ್ನ ಸಿಮ್ಮಿನ ನೆಟ್ ಹಚ್ಚಿಕೊಂಡು ಕುಂಡ್ರತೇನಿ. ಯಾಕ ಅಂತ ಒಂದ ದಿನರೆ ಕೇಳೀರೇನು?"

"ಕಚೇರ್ಯಾಗ ವಿಡಿಯೋ ಬಂದ್ ಮಾಡೇನಿ. ಮಂದಿ ಕೆಲಸಾ ಬಿಟ್ಟು ನೋಡ್ತಾರ."

"ಇದೇನು ಕಚೇರೀನ?"

ತುತ್ತು ಹಿಡಿದ ಕೈ ನಡುದಾರಿಯಲ್ಲಿ ನಿಂತಿತು. ಮಂಚದ ಪಕ್ಕದ ಕಿಟಕಿಯಿಂದ ಒಳಬಂದ ಬೂದು ವಾಯರನ್ನು ಸಾಹೇಬರು ದಿಟ್ಟಿಸಿದರು. ಮಲಗಿದಲ್ಲಿಂದಲೇ ಯಂತ್ರಗಳ ನಾಡಿ ನೋಡಲು ಅನುಕೂಲವಾಗಲೆಂದು, ವರ್ಷಗಳ ಹಿಂದೆ ತಾವೇ ಅಂಗಳದ ಮೇಲಿಂದ ಎಳೆದು ತಂದ ವಾಯರು. ಅಂದರೆ ಅವರ ಮನೆ, ಅವರ ಮಂಚ, ಅವರ ಊಟದ ತಟ್ಟೆ ಎಲ್ಲವೂ ಗೋಡೆಯ ಒಳಗೇ ಇದ್ದವು. ಹೊರಗಿನವರಿಗಾಗಿ ಕಟ್ಟಿದ ಕಟ್ಟೆಯನ್ನು ಅವರು ಪಡಸಾಲೆಯಲ್ಲಿ ಕುಳಿತು ಪರೀಕ್ಷಿಸಿದ್ದರು. ಗೋಡೆ ಕಾದವರು ಈವರೆಗೆ ಒಮ್ಮೆಯೂ ಗೋಡೆಯ ಹೊರಗೆ ಕಾಲಿಟ್ಟಿರಲಿಲ್ಲ.

ಕೈ ತೊಳೆದವರೇ ನೆಟ್ಟಗೆ ಗೇಟು ದಾಟಿ, ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ತಮ್ಮ ಸಿಮ್ಮಿನ ನೆಟ್ಟಿನಿಂದ ಚಾಟು ತೆರೆದರು. ಚಕ್ರ ಗರಗರ ತಿರುಗಿತು. ಸರ್ವರ್ ಸಿಗುತ್ತಿಲ್ಲವೆಂಬ ಸಾಲು ಮೂಡಿತು. ಆ ಸಾಲನ್ನು ಬರೆದವರೂ ಅವರೇ. ಅದು ಇಷ್ಟು ಒರಟಾಗಿ ಕೇಳಿಸುತ್ತದೆಂದು ಅವರಿಗೆ ಅಂದೇ ತಿಳಿದದ್ದು. ತಪ್ಪೂ ಕೂಡಲೇ ಹೊಳೆಯಿತು: ಫೋನುಗಳಲ್ಲಿ ತುಂಬಿಸಿದ್ದು ಒಳಜಾಲದ ವಿಳಾಸ. ಓಣಿಯವರಿಗಷ್ಟೇ ಗೊತ್ತಿರುವ ಗುರುತನ್ನು ಪರವೂರಿನವರಿಗೆ ಹೇಳಿ, ಮನೆ ಸಿಗಲಿಲ್ಲವೆಂದು ಅವರನ್ನೇ ಬೈದಂತಾಗಿತ್ತು. ಸುಕನ್ಯಾಳಿಗೆ ಫೋನು ಹಚ್ಚಿದರು.

"ಸುಕನ್ಯಾ, ಚಾಟಿಗೆ ಹೊರಗಿನವರಿಗೂ ಸಿಗೂ ವಿಳಾಸ ಕೊಡು. ಆ ವಿಳಾಸಕ್ಕ ಬಂದವರಿಗೆ ಕಟ್ಟೀ ತನಕಾ ಬಾಗಲಾ ತಗಿ. ಲಗೂ."

"ಆಗೂದಿಲ್ರಿ ಸರ್."

"ಯಾಕ?"

"ಫೋನಿನ್ಯಾಗ ಯಾರು ಹೇಳಿದ್ರೂ ಗ್ವಾಡಿ ಮುಟ್ಟಬಾರದು ಅಂತ ನೀವ ಹೇಳೀರಲ್ರಿ. ದನಿ ಯಾರದರೆ ಇರಬಹುದು ಅಂತ."

"ನನ್ನ ದನಿ ನಿನಗ ಗೊತ್ತಾಗೂದಿಲ್ಲೇನು?"

"ಗೊತ್ತಾಗತೈತ್ರಿ. ದನಿ ನಂಬಬ್ಯಾಡ ಅಂತ ಹೇಳಿದ್ದೂ ಇದ ದನೀನ ಐತ್ರಿ."

"ಹಂಗಾದ್ರ ಮೇಲ್ ಕಳಸ್ತೇನಿ."

"ಕಚೇರಿ ಮೇಲ್ ಹೊರಗಿಂದ ತೆರೆಯೂದಿಲ್ರಿ ಸರ್. ಅದನ್ನೂ ನೀವ ಬಂದ್ ಮಾಡೀರಿ."

ಸಾಹೇಬರು ಹೆಮ್ಮೆಪಡಬೇಕೋ ಕೋಪಿಸಿಕೊಳ್ಳಬೇಕೋ ತಿಳಿಯದೆ ಎರಡನ್ನೂ ತುಸು ತುಸು ಮಾಡಿದರು. ತಮ್ಮ ಕೋಟೆಯೊಳಗೆ ನುಸುಳಲು ತಮಗೇ ಒಂದು ಸಂದುಗೊಂದು ಉಳಿದಿಲ್ಲವೆಂಬುದು ಆ ಬಿಸಿಲಲ್ಲಿ ಸ್ಪಷ್ಟವಾಯಿತು. ರಸ್ತೆ ದಾಟಿ ಒಳಗೆ ಹೋದರು, ಗೋಡೆ ಮುಟ್ಟಲು ಸುಕನ್ಯಾಳಿಗೆ ಅನುಮತಿ ಬರೆದು ಸಹಿ ಹಾಕಿದರು, ಮತ್ತೆ ರಸ್ತೆ ದಾಟಿ ಬೆಂಚಿಗೆ ಬಂದರು. ಈಗ ಇವರ ಸಂದೇಶ ಒಳಗೆ ಹೋಯಿತು, ಅಲ್ಲಿಂದ ಉತ್ತರ ಬರಲಿಲ್ಲ. ಕಟ್ಟೆಯವನಿಗೆ ಒಳಗೆ ಹೋಗಲು ಅನುಮತಿಯಿತ್ತು, ಒಳಗಿನವರು ಕಟ್ಟೆಗೆ ಬಂದು ಹೇಳಲು ಇರಲಿಲ್ಲ. ಮತ್ತೆ ಒಳಗೆ, ಮತ್ತೆ ಸಹಿ, ಮತ್ತೆ ಹೊರಗೆ. ಚಹಾದಂಗಡಿಯವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಾಹೇಬ್ರ, ಮೈಯಾಗ ಆರಾಮಿಲ್ಲೇನ್ರಿ?" ಎಂದ. ಸಾಹೇಬರು ಸ್ವೆಟರು ಕಳಚಿ ಬೆಂಚಿನ ಮೇಲಿಟ್ಟರು. ಒಳಗೆ ಸಾಧಾರಣವಾದೊಂದು ಬಿಳಿ ಅಂಗಿಯಿತ್ತು, ಅದು ಪೂರ್ತಿ ತೊಯ್ದಿತ್ತು.

ಆಗ ಫೋನು ಕಿಣಿ ಎಂದಿತು. ಸುಕನ್ಯಾಳ ಸಂದೇಶ: "ಸರ್, ಬಂತೇನ್ರಿ?" ಬಂತೆಂದು ಬರೆದರು. ಹೊಸ ವಿಳಾಸವನ್ನು ಹೊರಗಿನವರಿಗೆಲ್ಲ ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿ ಕಾದರು. ಚಹಾ ಬಂತು, ಆರಿತು. ಕೊನೆಗೆ ಮಾಲತೇಶನ ಸಾಲು ಪರದೆಯ ಮೇಲೆ ಏರಿ ಬಂತು: "ಸೀಲ್ ಒಡದೈತಿ. ದೊಡ್ಡದ ಹಾಕ್ಲ್ಯೋ ಸಣ್ಣದೋ?" ನಕ್ಷೆ ವಿಭಾಗದವರು ಸಣ್ಣದೆಂದರು, ಹಿಂದೆಯೇ ನಕ್ಷೆಯೂ ಹೋಯಿತು. ಸ್ವಲ್ಪ ಹೊತ್ತಿಗೆ ಅವನಿಂದ ಎರಡು ಪದ: "ನೀರ ಬಂತು." ಈ ಸಂಭಾಷಣೆಯಲ್ಲಿ ಸಾಹೇಬರಿಗೆ ಸಂಬಂಧಿಸಿದ್ದು ಒಂದಕ್ಷರವೂ ಇರಲಿಲ್ಲ. ಆದರೂ ಹೆರಿಗೆ ಕೋಣೆಯ ಹೊರಗೆ ಕಾದು ಕುಳಿತವರಿಗೆ ಕೂಸಿನ ಅಳು ಕೇಳಿಸಿದಾಗ ಮುಖದಲ್ಲಿ ಬರುವ ಕಳೆಯೇನುಂಟೋ, ಅದು ಅವರ ಮುಖದಲ್ಲಿ ಬಂದಿತ್ತು. ಆರಿದ ಚಹಾವನ್ನು ಅವರು ಬಿಸಿಯೆಂಬಂತೆ ಊದಿ ಊದಿ ಕುಡಿದರು.

ಸೋಮವಾರ ಅರ್ಜುನಪ್ಪನವರು ಚಳಿಗೋಣೆಯ ಬಾಗಿಲಿಗೆ ಬಂದು, "ನಡೀತಲ್ಲ, ಛಲೋ ಆತ ಬಿಡ್ರಿ" ಎಂದಷ್ಟೇ ಹೇಳಿ ಹೋದರು. ಖೋಲಿ ಉಳಿಯಿತು, ಸ್ಟೋರ್ಸಿನ ಖುರ್ಚಿ ಗ್ರೀಸಿನ ಡಬ್ಬಿಗಳಿಗೇ ಉಳಿಯಿತು. ಸಾಹೇಬರು ಈಗ ಆ ಶನಿವಾರದ ಓಡಾಟವನ್ನು ಕ್ಷೇತ್ರಪರೀಕ್ಷೆ ಎಂದು ವರ್ಣಿಸುತ್ತಾರೆ, ಮೊದಲಿನಿಂದಲೂ ಯೋಜನೆಯಲ್ಲಿ ಇದ್ದದ್ದೆಂಬ ಧಾಟಿಯಲ್ಲಿ. ಸುಕನ್ಯಾ ಆ ಬೆಂಚಿಗೆ ಫಾರಿನ್ ಆಫೀಸೆಂದು ಹೆಸರಿಟ್ಟಿದ್ದಾಳೆ. ಅದು ಕಿವಿಗೆ ಬಿದ್ದರೂ ಸಾಹೇಬರು ಬೀಳದಂತಿರುತ್ತಾರೆ. ಮನೆಗೆ ಬೇರೆಯೇ ಒಂದು ಇಂಟರ್ನೆಟ್ ಲೈನು ಬಂದಿದೆ, ಪರೀಕ್ಷೆಯ ಉದ್ದೇಶಕ್ಕೆಂದು. ತಾಜಬಿ ಆ ಉದ್ದೇಶವನ್ನು ಅಡುಗೆಮನೆಯಲ್ಲಿ ಕುಳಿತು ಚೆನ್ನಾಗಿ ಈಡೇರಿಸುತ್ತಿದ್ದಾರೆ.

ಬಾಗಿಲು ಕಾಯುವವರ ಕುಲವೊಂದು ಎಲ್ಲ ಊರಲ್ಲೂ ಇದೆ. ಗ್ರಂಥಾಲಯದ ಕಪಾಟಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡವರು, ದೊಡ್ಡವರ ಭೇಟಿಗೆ ಬಂದವರನ್ನು ಬೆಂಚಿನ ಮೇಲೆ ಕೂರಿಸುವವರು, ಮದುವೆಮನೆಯ ಉಗ್ರಾಣದೆದುರು ಖುರ್ಚಿ ಹಾಕಿಕೊಂಡು ಕೂರುವ ಹಿರಿಯರು. ಅವರನ್ನು ನಾವು ಕಟುಕರೆಂದುಕೊಳ್ಳುತ್ತೇವೆ. ಹತ್ತಿರದಿಂದ ನೋಡಿದರೆ ಬಹುತೇಕರು ಮಮತೆಯ ಜನ. ಒಳಗಿರುವುದನ್ನು ಅತಿಯಾಗಿ ಪ್ರೀತಿಸಿ, ಅದನ್ನು ಇಟ್ಟದ್ದು ಯಾರಿಗಾಗಿ ಎಂಬುದನ್ನು ಮರೆತಿರುತ್ತಾರೆ, ಅಷ್ಟೇ. ಅಂಥವರಿಗೆ ಉಪದೇಶ ನಾಟುವುದಿಲ್ಲ, ಒಮ್ಮೆ ತಮ್ಮದೇ ಬಾಗಿಲ ಹೊರಗೆ ನಡುಹಗಲ ಬಿಸಿಲಿಗೆ ನಿಲ್ಲುವ ಭಾಗ್ಯ ಬರಬೇಕು. ಬಂದ ಮೇಲೂ ಅವರು ಬಂದವರನ್ನು ವಿಚಾರಿಸುವುದನ್ನು ಬಿಡುವುದಿಲ್ಲ, ಬಿಡಲೂಬಾರದು. ಆದರೆ ವಿಚಾರಿಸುವಾಗ ಒಂದು ಕೈ ಆಗಲೇ, ತೆಗೆಯಲೆಂದು, ಚಿಲಕದ ಮೇಲಿರುತ್ತದೆ.