ತಿಮಿಂಗಿಲದ ದವಡೆ

ವಾರವೆಲ್ಲ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿಯುವ ನಾನು, ಶನಿವಾರ ಭಾನುವಾರದ ಬೆಳಗ್ಗೆ ವಸ್ತುಸಂಗ್ರಹಾಲಯದಲ್ಲಿ ತಿಮಿಂಗಿಲದ ಎಲುಬು ಒರೆಸುವ ಕೆಲಸ ಹಿಡಿದದ್ದು ನನ್ನ ಯಜಮಾನರ ಕಿವಿಗಾಗಿ. ಅವರು ಬಡಗಿ. ಚಿಕ್ಕಂದಿನಿಂದ ಕಿವಿ ಸೋರಿ ಸೋರಿ, ಈಗ ಪಕ್ಕದಲ್ಲೇ ಪಾತ್ರೆ ಬಿದ್ದರೂ ತಿರುಗಿ ನೋಡುವುದಿಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, "ಹೊರಗಿನ ದಾರಿ ಕೆಟ್ಟಿದೆ ಅಷ್ಟೇ, ಒಳಗಿನ ನರ ಗಟ್ಟಿಯಾಗಿದೆ. ಮೆಷಿನ್ ಹಾಕಿದ್ರೆ ಕೇಳುತ್ತೆ. ಅಳತೆಗೆ ಇನ್ನೊಂದ್ಸಲ ಕರ್ಕೊಂಡು ಬನ್ನಿ" ಎಂದಿದ್ದರು.

ಯಜಮಾನರು ಸುತಾರಾಂ ಒಪ್ಪಲಿಲ್ಲ.

"ಸತ್ತ ಕಿವಿಗೆ ಸಿಂಗಾರ ಬೇರೆ ಕೇಡು! ಇರೋ ರಜೆಯನ್ನೂ ಆ ಮೀನಿಗೆ ಕೊಟ್ಟು ದುಡಿ ನೀನು, ನನಗಂತೂ ಯಾವ ಮೆಷಿನ್ನೂ ಬೇಡ."

ನಾನು ಕೈ ತಿರುವಿ, ಮುಖ ಊದಿಸಿ ಉತ್ತರ ಕೊಟ್ಟೆ. ನಮ್ಮ ಮನೆಯಲ್ಲಿ ಜಗಳವೂ ಕೈಸನ್ನೆಯಲ್ಲೇ. ಅವರಿಗೆ ಸಾಕೆನಿಸಿದರೆ ಆ ಕಡೆ ತಿರುಗಿ ಕೂರುತ್ತಾರೆ, ಅಲ್ಲಿಗೆ ನನ್ನ ಬಾಯಿ ಬಂದ್.

ಆ ತಿಮಿಂಗಿಲವನ್ನು ಮೊದಲ ಸಲ ನೋಡಿದಾಗ ಹಿಡಿದ ಬ್ರಷ್ಷು ಕೈಯಲ್ಲೇ ಉಳಿದಿತ್ತು. ಬಾಗಿಲು ತೆರೆಯುವ ಮುಂಚಿನ ಹೊತ್ತು. ಇಡೀ ಹಜಾರದಲ್ಲಿ ನಾನು, ಅದು. ಚಾವಣಿಯಿಂದ ಉಕ್ಕಿನ ಹಗ್ಗದಲ್ಲಿ ತೂಗುಬಿಟ್ಟ ಬೆನ್ನುಮೂಳೆಯ ಒಂದೊಂದು ಗಂಟೂ ಕೂರುವ ಮಣೆಯಷ್ಟು ಅಗಲ. ಏಣಿ ಹತ್ತಿ ಪಕ್ಕೆಲುಬುಗಳ ನಡುವೆ ತಲೆ ತೂರಿಸಿದರೆ, ಯಾರದೋ ಮನೆಯೊಳಗೆ ಹೇಳದೆ ಕೇಳದೆ ನುಗ್ಗಿದ ಹಾಗೆ ಕೆಮ್ಮುವುದಕ್ಕೂ ಸಂಕೋಚ. ಈ ಗೂಡಿನೊಳಗೆ ಒಂದು ಗುಂಡಿಗೆ ಹೊಡೆದುಕೊಳ್ಳುತ್ತಿತ್ತಲ್ಲ!

ಎರಡನೆಯ ವಾರ ಒಂದು ಎಲುಬಿನ ಮೇಲೆ ಹಳದಿ ಜಿಡ್ಡು ಕಂಡಿತು. ಜಿಡ್ಡು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಸೋಪಿನ ನೀರು ಕಲಸಿಕೊಂಡು ಬಂದೆ. ಎಲುಬುಗಳ ಉಸ್ತುವಾರಿ ನೋಡಿಕೊಳ್ಳುವ ಮೇಡಂ ಓಡೋಡಿ ಬಂದರು.

"ಅಯ್ಯೋ ಅಮ್ಮಾ, ಬೇಡ! ಅದು ಕೊಳೆ ಅಲ್ಲ, ಅದರದೇ ಎಣ್ಣೆ. ಎಲುಬಿನೊಳಗಿಂದ ಇನ್ನೂ ಜಿನುಗ್ತಾ ಇದೆ."

"ಇದು ಸತ್ತು ಎಷ್ಟು ಕಾಲವಾಯ್ತು?"

"ನಮ್ಮಜ್ಜಿ ಹುಟ್ಟೋಕೂ ಮುಂಚೆ."

ನಾನು ಬಕೆಟ್ಟು ಕೆಳಗಿಟ್ಟೆ. ಬೆರಳ ತುದಿಗೆ ಹತ್ತಿದ ಆ ಜಿಡ್ಡನ್ನು ಒರೆಸಿಕೊಳ್ಳಲೂ ಮನಸ್ಸು ಬರಲಿಲ್ಲ.

ಅಂದಿನಿಂದ ಮೇಡಂಗೆ ನನ್ನ ಮೇಲೊಂದು ಕಣ್ಣು, ನನಗೆ ಅವರ ಮಾತಿನ ಮೇಲೊಂದು ಕಿವಿ. ಕೆಳದವಡೆಯನ್ನು ಮಾತ್ರ ಬಿಡಿಯಾಗಿ ನೆಲದ ಮೇಲೆ ಮರದ ಸ್ಟ್ಯಾಂಡಿನಲ್ಲಿ ಇಟ್ಟಿದ್ದರು. ಅದರ ಹಲ್ಲು ಒಂದೊಂದಾಗಿ ಒರೆಸುತ್ತ ಕೇಳಿದೆ:

"ಹಲ್ಲೇನೋ ಇದೆ ಮೇಡಂ, ಕಿವಿ ಎಲ್ಲಿ?"

"ನಮ್ಮ ಹಾಗೆ ಹೊರಗೆ ಕಿವಿ ಇಲ್ಲಮ್ಮ ಇದಕ್ಕೆ. ನೀವು ಹಿಡಿದಿದ್ದೀರಲ್ಲ, ಆ ದವಡೆಯಿಂದಲೇ ಕೇಳೋದು. ನೀರಲ್ಲಿ ಬಂದ ಸದ್ದು ದವಡೆಗೆ ತಾಗಿ, ಅಲ್ಲಿಂದ ಸೀದಾ ಒಳಗಿವಿಗೆ."

ನನ್ನ ಕೈ ದವಡೆಯ ಮೇಲೆ ಹಾಗೇ ನಿಂತಿತು. ಹೊರಗಿನ ದಾರಿ ಇಲ್ಲ, ಒಳಗಿನದು ಗಟ್ಟಿ.

"ಮೇಡಂ, ಮನುಷ್ಯರಿಗೂ ಹೀಗೆ ಆಗುತ್ತಾ?"

"ಸ್ವಲ್ಪಮಟ್ಟಿಗೆ ಆಗುತ್ತೆ. ಎಲುಬು ಸದ್ದು ಒಯ್ಯುತ್ತೆ. ಯಾಕಮ್ಮ?"

ಬೇಗ ಕೆಲಸ ಮುಗಿಸಿ ಮನೆಗೆ ನಡೆದೆ.

ಯಜಮಾನರು ಹಿತ್ತಲಲ್ಲಿ ಹಲಗೆಗೆ ಉಜ್ಜುಕಾಗದ ಹಾಕುತ್ತಿದ್ದರು. ಅವರ ಸಾಮಾನಿನಿಂದ ತೆಳುವಾದ ಮರದ ಪಟ್ಟಿಯೊಂದನ್ನು ಎತ್ತಿ, ಕಚ್ಚಿ ಹಿಡಿಯಿರಿ ಎಂದು ಸನ್ನೆ ಮಾಡಿದೆ.

"ತಲೆಗಿಲೆ ಕೆಟ್ಟಿದೆಯೇನೇ? ನಾನೇನು ನಾಯಿಯಾ?"

ಕಣ್ಣು ಬಿಟ್ಟೆ. ಗೊಣಗುತ್ತಲೇ ಕಚ್ಚಿದರು. ಇನ್ನೊಂದು ತುದಿಯನ್ನು ನನ್ನ ಗಂಟಲಿಗೆ ಒತ್ತಿಕೊಂಡೆ. ಈಗ ಏನು ಹೇಳಲಿ? ಇಷ್ಟು ವರ್ಷ ನುಂಗಿಕೊಂಡದ್ದು ರಾಶಿಯಿತ್ತು. ಒಂದೂ ಬಾಯಿಗೆ ಬರಲಿಲ್ಲ. ಎದುರಿಗೆ ಕಂಡದ್ದನ್ನೇ ಹೇಳಿದೆ. ಕೈ ಆಡಿಸಲಿಲ್ಲ, ತುಟಿ ಕಾಣದಂತೆ ಅಂಗೈ ಮುಚ್ಚಿಕೊಂಡೆ.

"ರೀ, ಮೀಸೆ ಮೇಲೆ ಮರದ ಪುಡಿ ಕೂತಿದೆ."

ಅವರ ಕೈ ತಾನಾಗಿಯೇ ಎದ್ದು ಮೀಸೆ ಒರೆಸಿಕೊಂಡಿತು.

ಒರೆಸಿಕೊಂಡ ಕೈ ಅಲ್ಲೇ ನಿಂತಿತು. ಎಲ್ಲಿಯ ಕಡಲು, ಎಲ್ಲಿಯ ನಮ್ಮ ಹಿತ್ತಲು! ಅವರು ಪಟ್ಟಿಯನ್ನು ಬಾಯಿಂದ ತೆಗೆದು ತಿರುಗಿಸಿ ಮುರುಗಿಸಿ ನೋಡಿದರು. ಮರದ ಜೊತೆಯಲ್ಲೇ ಬದುಕು ತೇಯ್ದವರು, ಮರವನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮತ್ತೆ ಕಚ್ಚಿ, ಇನ್ನೊಂದು ಮಾತು ಹೇಳು ಎಂಬಂತೆ ಗದ್ದ ಎತ್ತಿದರು.

"ಕೇಳಿಸ್ತಾ ಇದೆಯೇನ್ರೀ?"

ಅವರ ಕಣ್ಣು ತುಂಬಿತು. ಪಟ್ಟಿ ತೆಗೆದು ಮೆಲ್ಲಗೆ ಹೇಳಿದರು:

"ನಿನ್ನ ದನಿಗೆ ವಯಸ್ಸಾಗಿಬಿಟ್ಟಿದೆ ಕಣೇ."

"ನಿಮ್ಮ ಕಿವಿಗೆ ಆಗಿಲ್ವಾ?" ಎಂದೆ. ಪಟ್ಟಿ ಅವರ ಕೈಯಲ್ಲಿತ್ತು, ಕೇಳಿಸಲಿಲ್ಲ. ಅವಸರವಾಗಿ ಪಟ್ಟಿಯನ್ನು ನನ್ನ ಗಂಟಲಿಗೆ ತಾವೇ ಒತ್ತಿ, "ಏನಂದೆ, ಏನಂದೆ? ಇನ್ನೊಂದ್ಸಲ ಹೇಳು" ಎಂದು ತುದಿ ಕಚ್ಚಿದರು. ಹೇಳಿದೆ. ಪಟ್ಟಿ ಕಚ್ಚಿಕೊಂಡೇ ನಕ್ಕರು. ಆ ನಗು ಮರದೊಳಗಿಂದ ಬಂದು ನನ್ನ ಗಂಟಲನ್ನು ನಡುಗಿಸಿತು.

ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ಮುಖ ಆ ಕಡೆ ಮಾಡಿಕೊಂಡೇ ಕೇಳಿದರು:

"ಆ ಡಾಕ್ಟರು ಯಾವತ್ತು ಕೂರೋದು?"