ಮೂರನೆಯ ಯೂನಿಫಾರ್ಮ್

ಹನಿ ಬಿತ್ತು, ಹಣೆಯ ಮೇಲೆ, ತಣ್ಣಗೆ, ಇನ್ನೊಂದು ಕಿವಿಯ ಹತ್ತಿರ, ಏಸಿ ಸೋರುತ್ತಿರಬೇಕು, ಸಾಲ್ಮಿಯಾದ ಮನೆಯಲ್ಲೂ ಸೋರುತ್ತಿತ್ತು, ಆದರೆ ಅಲ್ಲಿ ಏಸಿ ಕಾಲಿನ ಕಡೆ ಇತ್ತಲ್ಲ, ಹಣೆಗೆ ಹೇಗೆ ಬಿತ್ತು — ಅಲ್ಲ, ಇದು ಸಾಲ್ಮಿಯಾ ಅಲ್ಲ, ಮಂಗಾಫ್, ಒಂದೇ ಕೋಣೆಯ ಹೊಸ ಮನೆ, ಬಂದು ಹನ್ನೊಂದು ದಿನವಾಯಿತು, ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗಿ ಎದ್ದಾಗಲೆಲ್ಲ ನನಗೆ ಮನೆ ಮರೆತಿರುತ್ತದೆ, ಬಲಗಡೆ ಇಳಿಯಲು ಹೋದರೆ ಗೋಡೆ, ಮೊಣಕಾಲಿಗೆ ಪೆಟ್ಟು, ಇಲ್ಲಿ ಎಡಗಡೆ ಇಳಿಯಬೇಕು ಮರೀನಾ, ಎಡಗಡೆ. ಗಂಟೆ ಮೂರೂ ಮುಕ್ಕಾಲು. ಪರದೆ ಎಳೆದಿದೆ, ಅರೆಗತ್ತಲು, ಮಂಚದ ಮೇಲೆ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಬಿಳಿ ಬಿಳಿ ಏನೋ, ನನ್ನ ಯೂನಿಫಾರ್ಮು, ಈ ಮನೆಗೆ ಬಾಲ್ಕನಿ ಇಲ್ಲ, ಬಟ್ಟೆ ನಮ್ಮ ತಲೆಯ ಮೇಲೆಯೇ ಒಣಗಬೇಕು, ಒಂದು, ಎರಡು, ಮೂರು. ಮೂರು? ನನ್ನ ಬಳಿ ಇರುವುದೇ ಎರಡು. ಬೆಳಿಗ್ಗೆ ಡ್ಯೂಟಿಯಿಂದ ಬಂದು ನಾನೇ ಒಗೆದು ಹಾಕಿದ್ದು, ಎರಡು ಶರ್ಟು ಎರಡು ಪ್ಯಾಂಟು, ಅವು ಈ ಹೊತ್ತಿಗೆ ಗರಿಗರಿ ಒಣಗಿರಬೇಕು, ಸೋರುತ್ತಿರುವುದು ಯಾವುದು? ಮತ್ತೆ ಎಣಿಸುತ್ತೇನೆ, ಕನ್ನಡಕವಿಲ್ಲದೆ ಎಣಿಸಿದರೆ ಹೀಗೆಯೇ, ಕನ್ನಡಕ ಎಲ್ಲಿ, ಎ ನಾಲ್ಕು, ಹೌದು, ಎ ನಾಲ್ಕು ಎನ್ನುತ್ತಾನೆ ಲಿಗೋರಿ, ನನ್ನ ಗಂಡ, ಶುವೈಖಿನಲ್ಲಿ ಕಾರಿನ ಬಿಡಿಭಾಗಗಳ ಗೋದಾಮಿನ ಸ್ಟೋರ್‌ಕೀಪರ್, ಹತ್ತೊಂಬತ್ತು ವರ್ಷದಿಂದ ಪ್ರತಿ ನಟ್ಟಿಗೂ ಬೋಲ್ಟಿಗೂ ಒಂದು ಡಬ್ಬಿ, ಡಬ್ಬಿಗೊಂದು ನಂಬರು ಹಚ್ಚಿದವನು, ಈಗ ಮನೆಗೂ ಹಚ್ಚಿದ್ದಾನೆ. ಮಂಚದಡಿ ಎಂಟು ಡಬ್ಬಿ, ಗೋಡೆಗೆ ಹನ್ನೆರಡು, ಚಹಾಪುಡಿ ಬಿ ಎರಡು, ಜಪಮಾಲೆ ಎ ಒಂದು, ಇವಾನ್ ಮತ್ತು ನತಾಶಾಳ ಫೋಟೋಗಳು ಸಿ ಮೂರು, ಮಕ್ಕಳಿಬ್ಬರೂ ಮಂಗಳೂರಿನ ಹಾಸ್ಟೆಲಿಗೆ ಹೋದ ಮೇಲೆ ಮೂರು ಕೋಣೆ ಯಾಕೆ ಹೇಳು, ನಮಗೆ ಇಬ್ಬರಿಗೆ ಒಂದು ಕೋಣೆ ಧಾರಾಳ, ಹಡಗಿನಲ್ಲಿ ಜನ ಬದುಕುವುದಿಲ್ಲವಾ. ಅವನು ಹೇಳಿದ್ದು ಸುಳ್ಳಲ್ಲ. ಮಲಗಿದಲ್ಲಿಂದ ಕೈ ಚಾಚಿದರೆ ಕೆಟಲಿನ ಸ್ವಿಚ್ಚು, ಗುಡಿಸಲು ನಾಲ್ಕು ನಿಮಿಷ, ಏಸಿ ಹಾಕಿ ಎರಡೇ ನಿಮಿಷಕ್ಕೆ ಇಡೀ ಮನೆ ತಣ್ಣಗೆ, ನಿದ್ದೆಯೂ ಬರುತ್ತದೆ, ಸಾಲ್ಮಿಯಾದಲ್ಲಿ ಬರುತ್ತಿರಲಿಲ್ಲ, ಸುಖವಾಗಿದೆ, ಸುಖವಾಗಿದ್ದರೆ ಎದ್ದ ಕೂಡಲೇ ಈ ದಿಗಿಲು ಯಾಕೆ, ಬಾಗಿಲ ಕಡೆ ನೋಡಲು ಯಾಕೆ ಹೆದರುತ್ತೇನೆ — ಬ್ಯಾಗು. ನಾಲ್ಕು ಗಂಟೆ. ಹಾಫ್ ಲಾರಿ.

ಹೌದು, ನಾಲ್ಕಕ್ಕೆ ಹಳೆ ಸಾಮಾನು ಕೊಳ್ಳುವ ಬಾವಾಕುಂಞಿ ಹಾಫ್ ಲಾರಿ, ಅಂದರೆ ಪಿಕಪ್ಪು, ತರುತ್ತಾನೆ, ಇಲ್ಲಿ ಹಿಡಿಸದ್ದನ್ನೆಲ್ಲ ಒಯ್ಯಲು, ಕೆಳಗೆ ವಾಚ್‌ಮನ್ನನ ಕೋಣೆಯ ಪಕ್ಕ ಇಟ್ಟ ಸೋಫಾ, ನತಾಶಾಳ ಮೇಜು, ಮತ್ತೆ ಬ್ಯಾಗು, ಬ್ಯಾಗಿನ ವಿಷಯ ನೀನು ನಾಲ್ಕರೊಳಗೆ ಹೇಳು ಎಂದು ನಿನ್ನೆ ಡ್ಯೂಟಿಗೆ ಹೊರಟಾಗ ಲಿಗೋರಿ ಹೇಳಿದ್ದ, ನಾನು ಆ ಬ್ಯಾಗನ್ನೇ ದಾಟಿ ಹೊರಟುಬಿಟ್ಟೆ. ಇಪ್ಪತ್ತೊಂದು ವರ್ಷದಿಂದ ನಾನಿದ್ದ ಎಲ್ಲ ಮನೆಯಲ್ಲೂ ಬಾಗಿಲ ಹಿಂದೆ ಒಂದು ಬ್ಯಾಗು, ನೀಲಿ, ತುಂಬಿಟ್ಟದ್ದು, ಟಾರ್ಚು, ಮೇಣದ ಬತ್ತಿ, ಒಂದು ಜೊತೆ ಬಟ್ಟೆ, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಇಕಾಮಾದ ಜೆರಾಕ್ಸ್, ಬಿಸ್ಕತ್ತು, ಬಿಸ್ಕತ್ತು ಮಾತ್ರ ಈಸ್ಟರಿಗೊಮ್ಮೆ ಕ್ರಿಸ್‌ಮಸ್ಸಿಗೊಮ್ಮೆ ಬದಲಿಸುತ್ತೇನೆ, ಹಳೆಯದನ್ನು ಮಕ್ಕಳು ಚಹಾಕ್ಕೆ ಅದ್ದಿ ತಿನ್ನುತ್ತಿದ್ದರು, ಮಮ್ಮೀಸ್ ವಾರ್ ಬಿಸ್ಕಿಟ್ಸ್ ಎನ್ನುತ್ತಿದ್ದ ಇವಾನ್, ನಗುತ್ತಿದ್ದೆವು, ನಾನೂ ನಗುತ್ತಿದ್ದೆ. ಈ ಮನೆಯಲ್ಲಿ ಬ್ಯಾಗಿಟ್ಟರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅರ್ಧ ತೆರೆದ ಬಾಗಿಲಿನಲ್ಲಿ ಅಡ್ಡ ಅಡ್ಡ ನುಸುಳಬೇಕು, ಲಿಗೋರಿಯ ಹೊಟ್ಟೆ ಸಿಕ್ಕಿಬೀಳುತ್ತದೆ. ನೋಡು ಮಾರಾಯ್ತಿ, ಓಡಿಹೋಗಲಿಕ್ಕೆ ಅಂತ ನೀನಿಟ್ಟ ಬ್ಯಾಗೇ ಬಾಗಿಲಿಗೆ ಅಡ್ಡ, ಬೆಂಕಿ ಬಿದ್ದರೆ ಈ ಬ್ಯಾಗಿನಿಂದಲೇ ನಾವು ಸಾಯುವುದು. ಎರಡು ವರ್ಷ ಕದಲದ ಸಾಮಾನು ಡೆಡ್ ಸ್ಟಾಕ್, ನಮ್ಮ ಗೋದಾಮಿನ ಕಾನೂನು, ಇದು ಇಪ್ಪತ್ತೊಂದು ವರ್ಷ ಕದಲಲಿಲ್ಲ, ಖಲಾಸ್. ಅವನು ಇಲ್ಲಿಗೆ ಬಂದದ್ದು ತೊಂಬತ್ತನಾಲ್ಕರಲ್ಲಿ, ನಮ್ಮ ಮದುವೆ ಆದ ಮೇಲೆ, ಅವನಿಗೆ ತೊಂಬತ್ತರ ಯುದ್ಧ ಎಂದರೆ ಟೀವಿಯಲ್ಲಿ ನೋಡಿದ್ದು. ನನಗೆ ಆಗ ಇಪ್ಪತ್ತಮೂರು, ಕಾರ್ಮೆಲ್ ಮತ್ತು ನಾನು ಒಂದೇ ಆಸ್ಪತ್ರೆಯಲ್ಲಿ ನರ್ಸು, ಒಂದೇ ಫ್ಲ್ಯಾಟು, ಇರಾಕಿನ ಸೈನ್ಯ ನುಗ್ಗಿ ಐದು ವಾರ ಆಗಿತ್ತು, ನಾವು ಡ್ಯೂಟಿಗೆ ಹೋಗುತ್ತಲೇ ಇದ್ದೆವು, ಒಗೆಯುತ್ತಲೇ ಇದ್ದೆವು, ಆ ದಿನ ಬಾಲ್ಕನಿಯಲ್ಲಿ ಯೂನಿಫಾರ್ಮ್ ಒಣಹಾಕುವಾಗ ಒಂದು ಕ್ಲಿಪ್ಪು ಕೈ ಜಾರಿ ಕೆಳಗಿನ ಓಣಿಗೆ ಬಿತ್ತು, ಟಿಕ್, ಉಳಿದದ್ದು ಒಂದೇ, ಒಂದೇ ಕ್ಲಿಪ್ಪಿನಲ್ಲಿ ಎಡ ಭುಜ ಸಿಕ್ಕಿಸಿದೆ, ಬಲ ಭುಜ ಜೋತುಬಿತ್ತು, ಯಾರೋ ಕೈ ತಿರುಚಿ ನಿಲ್ಲಿಸಿದವರ ಹಾಗೆ. ಆಗಲೇ ಬಾಗಿಲು ಬಡಿದರು, ಬಸ್ಸು ಹೊರಡುತ್ತದೆ, ಬಸ್ರಾ, ಬಾಗ್ದಾದ್, ಅಮ್ಮಾನ್, ಅಲ್ಲಿಂದ ವಿಮಾನ, ಅರ್ಧ ಗಂಟೆ, ತಲೆಗೊಂದು ಬ್ಯಾಗು, ಯಲ್ಲಾ, ಯಲ್ಲಾ, ಬೇಗ ಹೊರಡಿ. ತುಂಬಿಟ್ಟ ಬ್ಯಾಗು ಇರಲಿಲ್ಲ ನಮ್ಮ ಹತ್ತಿರ. ಏನು ತುಂಬಿದೆನೋ, ಒಂದು ಸೌಟು, ನಾಲ್ಕು ಪರದೆಯ ಕೊಕ್ಕೆ, ಒಂದೇ ಕಾಲಿನ ಚಪ್ಪಲಿ, ಅಮ್ಮಾನಿನಲ್ಲಿ ತೆರೆದು ನೋಡಿ ಕಾರ್ಮೆಲ್ ಅಳುತ್ತ ನಕ್ಕಳು, ಸೌಟು ಎಂತಕ್ಕೆ ಮಾರಾಯ್ತಿ, ಮರಳು ಬಡಿಸಲಿಕ್ಕಾ. ಹೊರಡುವಾಗ ಯೂನಿಫಾರ್ಮ್ ತೆಗೆಯಲು ಬಾಲ್ಕನಿಗೆ ಹೋದೆ, ನೀರು ಸೋರುತ್ತಿತ್ತು, ಒದ್ದೆ, ಬಿಡು ಮರೀನಾ ಎಂದಳು ಕಾರ್ಮೆಲ್, ಒಣಗಲಿ, ಆಮೇಲೆ ಬಂದು ತೆಗೆದರಾಯ್ತು.

ಆಮೇಲೆ ಎಂದರೆ ಹದಿನೇಳು ತಿಂಗಳು. ಕಾರ್ಮೆಲ್ ಬರಲಿಲ್ಲ, ಶಿರ್ವದಲ್ಲಿ ಮದುವೆಯಾದಳು, ನಾನೊಬ್ಬಳೇ ಅದೇ ಆಸ್ಪತ್ರೆಗೆ, ಅದೇ ಫ್ಲ್ಯಾಟಿಗೆ, ಬಾಗಿಲಿಗೆ ಬೀಗವಿರಲಿಲ್ಲ, ಬೀಗ ಹಾಕಲು ಒಳಗೆ ಏನೂ ಇರಲಿಲ್ಲ, ಮಂಚ ಇಲ್ಲ, ಫ್ರಿಜ್ ಇಲ್ಲ, ಸ್ವಿಚ್ಚು ಕಿತ್ತುಕೊಂಡು ಹೋಗಿದ್ದರು, ನಲ್ಲಿಯ ತಲೆ ಕೂಡ, ನಾನು ಕೂಗಿದರೆ ನನ್ನ ಸ್ವರವೇ ತಿರುಗಿ ಬರುತ್ತಿತ್ತು, ಬಾಲ್ಕನಿಗೆ ಹೋದರೆ — ಅಲ್ಲಿತ್ತು. ಅದೊಂದೇ ಇತ್ತು. ಅದೇ ಹಗ್ಗ, ಅದೇ ಕ್ಲಿಪ್ಪು, ಬಲ ಭುಜ ಜೋತು, ಕಪ್ಪಗೆ. ಎಣ್ಣೆ ಬಾವಿಗಳು ತಿಂಗಳುಗಟ್ಟಲೆ ಉರಿದ ಹೊಗೆಯೆಲ್ಲ ಬಂದು ಕೂತು ಕಪ್ಪು, ಮುಟ್ಟಿದರೆ ಬೆರಳಿಗೆ ಅಂಟುವ ಕಪ್ಪು, ನಾನು ಹೋದ ಮೇಲೆ ನನ್ನ ಬದಲಿಗೆ ಅದು ಅಲ್ಲಿ ನಿಂತಿತ್ತು ಎಂದು ಯಾಕೆ ಅನ್ನಿಸಿತೋ, ಆ ರಾತ್ರಿ ರಟ್ಟು ಹಾಸಿ ಮಲಗಿದೆ, ಒಂದು ಲೋಟ, ಒಂದು ಬ್ಯಾಗು, ಖಾಲಿ ಮನೆ, ನಾಚಿಕೆಯ ಮಾತು, ಅಷ್ಟು ಚಂದ ನಿದ್ದೆ ಯಾವತ್ತೂ ಬಂದಿರಲಿಲ್ಲ. ಹಾಗಾದರೆ ಕಡಿಮೆ ಸಾಮಾನಿನ ಸುಖ ನನಗೆ ಲಿಗೋರಿಗಿಂತ ಮೊದಲೇ ಗೊತ್ತು, ಹಾಗಾದರೆ ನನಗೆ ಬ್ಯಾಗು ಯಾಕೆ, ಅಥವಾ ಬ್ಯಾಗು ಇದ್ದದ್ದರಿಂದಲೇ ನಿದ್ದೆ ಬಂತೋ, ಯಾವುದು ಮೊದಲು ಯಾವುದು ಆಮೇಲೆ, ತಲೆ ಕೆಲಸ ಮಾಡುತ್ತಿಲ್ಲ, ಚಹಾ ಕುಡಿಯಬೇಕು, ಚಹಾ ಬಿ ಎರಡು. ಆ ಕಪ್ಪು ಯೂನಿಫಾರ್ಮನ್ನು ನಾನು ಒಗೆಯಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬ್ಯಾಗಿನ ಅಡಿಯಲ್ಲಿ ಇಟ್ಟೆ, ಯಾರಿಗೂ ಹೇಳಲಿಲ್ಲ, ಲಿಗೋರಿಗೂ, ಹೇಳಲಿಕ್ಕೆ ಏನಿದೆ, ಒಂದು ಕೊಳಕು ಫ್ರಾಕು. ಆಗ ನಮಗೆ ಫ್ರಾಕು, ಮೊಣಕಾಲಿನ ಕೆಳಗಿನವರೆಗೆ, ಈಗಿನ ಹಾಗೆ ಶರ್ಟು ಪ್ಯಾಂಟು ಅಲ್ಲ. ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಶರ್ಟು ಪ್ಯಾಂಟು, ಶರ್ಟು ಪ್ಯಾಂಟು, ಮೂರನೆಯದಕ್ಕೆ ಪ್ಯಾಂಟಿಲ್ಲ. ಉದ್ದ. ಬಿಳಿ. ಅಂಚಿನಿಂದ ಹನಿ ಕೂಡಿಕೊಳ್ಳುತ್ತಿದೆ, ದೊಡ್ಡದಾಗುತ್ತಿದೆ, ಬಿತ್ತು. ನಿದ್ದೆಯಲ್ಲಿ ಕೇಳಿಸಿದ ಸದ್ದು, ಬ್ರಶ್ಶಿನ ಸದ್ದು, ಬಕೆಟಿನ ಸದ್ದು, ಅಮ್ಮ ಕಲ್ಲಿನ ಹತ್ತಿರ ಒಗೆಯುತ್ತಿದ್ದಾಳೆ ಎಂದುಕೊಂಡಿದ್ದೆ, ಇವತ್ತು ಲಿಗೋರಿಗೆ ರಜೆ.

ಬಾಗಿಲು ಪೂರ್ತಿ ತೆರೆಯಿತು, ಗೋಡೆಗೆ ತಾಗುವವರೆಗೆ, ಅಷ್ಟು ತೆರೆದದ್ದು ಇದೇ ಮೊದಲು, ಲಿಗೋರಿ, ಅವನ ಹಿಂದೆ ಬಾವಾಕುಂಞಿ, ಕೈಯಲ್ಲಿ ನೀಲಿ ಬ್ಯಾಗು ಮಡಿಸಿ ಚಪ್ಪಟೆ. ಎದ್ದೆಯಾ, ಎನ್ನುತ್ತಾನೆ ಲಿಗೋರಿ, ಕೋಪ ಮಾಡಬೇಡ ಆಯ್ತಾ, ಕೊಡುವುದೋ ಬಿಡುವುದೋ ನೀನೇ ಹೇಳು, ನಾನು ಖಾಲಿ ಮಾತ್ರ ಮಾಡಿದ್ದು, ಟಾರ್ಚು ಎ ಮೂರು, ಜೆರಾಕ್ಸ್ ಫೈಲಿನಲ್ಲಿ, ಬಿಸ್ಕತ್ತು ಮೆತ್ತಗಾಗಿತ್ತು. ಅಡಿಯಲ್ಲಿ ನಿನ್ನ ಹಳೇ ಫ್ರಾಕು ಸಿಕ್ಕಿತು, ಎಂಥ ಮಸಿ ಮಾರಾಯ್ತಿ, ನಮ್ಮ ಗ್ಯಾರೇಜಿನವರ ಅಂಗಿಯೂ ಹಾಗಿರುವುದಿಲ್ಲ, ಮೊದಲು ಗ್ರೀಸ್ ತೆಗೆಯುವ ಪುಡಿ, ಆಮೇಲೆ ಬ್ಲೀಚು, ಏಳು ನೀರು ತೆಗೆದೆ, ಈಗ ನೋಡು ಹೇಗುಂಟು, ಹೊಸತರ ಹಾಗೆ, ಇದು ಡೆಡ್ ಸ್ಟಾಕ್ ಅಲ್ಲ, ಇದಕ್ಕೆ ನಾನು ಸಿ ನಾಲ್ಕು ಖಾಲಿ ಮಾಡಿದ್ದೇನೆ. ಬ್ಲೀಚಿನಲ್ಲಿ ಅವನ ಬೆರಳುಗಳು ಸುಕ್ಕಾಗಿವೆ, ಬೆಳ್ಳಗೆ, ಸಿ ನಾಲ್ಕು ಅವನದೇ ಬನಿಯನ್ನುಗಳ ಡಬ್ಬಿ, ನನಗೆ ಕೂಗಬೇಕು, ಆ ಬೆರಳನ್ನು ನೋಡಿದರೆ ಕೂಗಲು ಆಗುವುದಿಲ್ಲ. ಬಾಯಮ್ಮ, ಎನ್ನುತ್ತಾನೆ ಬಾವಾಕುಂಞಿ, ಕೆಳಗೆ ಸೋಫಾ ಹತ್ತಿಸಿ ಆಯ್ತು, ಈ ಬ್ಯಾಗು ಹಿಡಿದುಕೊಂಡು ನಾನು ಎಷ್ಟು ಹೊತ್ತು ನಿಲ್ಲುವುದು, ನಿಮ್ಮ ಯಜಮಾನರು ಪೊರ್ಬುಗಳು ನಿಮ್ಮನ್ನು ಕೇಳದೆ ಉಸಿರೂ ಬಿಡುವುದಿಲ್ಲ, ಕೊಡುವುದಾ ಬೇಡವಾ? ಖಾಲಿ ಬ್ಯಾಗು ಇಟ್ಟುಕೊಂಡು ಏನು ತುಂಬಲಿ, ಏನಿತ್ತು ಅದರಲ್ಲಿ, ಟಾರ್ಚಲ್ಲ, ಬಿಸ್ಕತ್ತಲ್ಲ, ಕಪ್ಪು ಇತ್ತು, ಆ ಕಪ್ಪು ಏಳು ನೀರಿನಲ್ಲಿ ಬಾತ್‌ರೂಮಿನ ತೂತಿನಿಂದ ಹೋಯಿತು, ಸಮುದ್ರಕ್ಕೋ ಮರಳಿಗೋ, ಇಬ್ಬರೂ ನನ್ನ ಬಾಯಿ ನೋಡುತ್ತಿದ್ದಾರೆ, ಒದ್ದೆ ಉಂಟಲ್ಲ ಎನ್ನುತ್ತೇನೆ, ಒಣಗಲಿ, ಆಮೇಲೆ ಹೇಳಿದರಾಯ್ತು — ಇದು ಯಾರ ಮಾತು, ಬಾಯಿ ನನ್ನದು, ಸ್ವರ ಕಾರ್ಮೆಲಳದ್ದು, ಕೆಳಗೆ ಯಾರೋ ಹಾರ್ನ್ ಹೊಡೆಯುತ್ತಿದ್ದಾರೆ, ಕ್ಲಿಪ್ಪು ಸಾಲಲಿಲ್ಲ ನೋಡು ಎನ್ನುತ್ತಿದ್ದಾನೆ ಲಿಗೋರಿ, ಇದ್ದದ್ದು ಐದೇ, ನಾಲ್ಕು ನಿನ್ನ ಶರ್ಟಿಗೂ ಪ್ಯಾಂಟಿಗೂ ಹೋಯಿತು, ಹೌದು, ಒಂದೇ, ಎಡ ಭುಜದಲ್ಲಿ ಒಂದೇ ಕ್ಲಿಪ್ಪು, ಬಲ ಭುಜ ಜೋತು, ಅಂಚಿನಲ್ಲಿ ಹನಿ, ಒಂದೇ ಕ್ಲಿಪ್ಪು, ಬಲ ಭುಜ ಜೋತು, ಬಿಳಿ —