ಛತ್ರದಲ್ಲಿ ಒಲೆ ಹೊತ್ತಿದ ದಿನ

ನಗರವೆಂಬ ಊರಿನ ಕೋಟೆ ದಾಟಿ ಹೊಸನಗರದ ಕಡೆ ಹೋಗುವ ದಾರಿಯಲ್ಲಿ ಕೆಳದಿ ಅರಸರ ಕಾಲದ ಕಲ್ಲಿನ ಛತ್ರವೊಂದಿತ್ತು. ಅದನ್ನು ಉಳಿಸಿಕೊಳ್ಳಲು ಊರಿನಲ್ಲೊಂದು ಸಂಘ ಹುಟ್ಟಿದಾಗ ಅಧ್ಯಕ್ಷನಾಗಲು ನಾಗರಾಜಪ್ಪನೂ ವಾಸಪ್ಪನೂ ಹಟ ಹಿಡಿದರು. ಒಬ್ಬ ಗೆದ್ದರೆ ಇನ್ನೊಬ್ಬ ಸಂಘ ಬಿಡುವುದು ಖಂಡಿತ. ಕೊನೆಗೆ ಇಬ್ಬರಿಗೂ ಬೇಡವೆನಿಸದ ಯಮುನಮ್ಮನನ್ನು ಅಧ್ಯಕ್ಷೆ ಮಾಡಿದರು. ರುಜು ಹಾಕಿಕೊಂಡು ಸುಮ್ಮನಿರುತ್ತಾಳೆ ಎಂಬುದು ಅವರ ಎಣಿಕೆ.

ಯಮುನಮ್ಮ ಸುಮ್ಮನಿರುವ ಪೈಕಿಯಲ್ಲ. ಪ್ರತಿ ಸೋಮವಾರ ಗದ್ದೆ ಕೆಲಸಕ್ಕೆ ರಜೆ ಕೊಟ್ಟು, ಗಿಡ ಸವರುವ ಕತ್ತಿ ಹಿಡಿದು ಛತ್ರಕ್ಕೆ ನಡೆಯುತ್ತಿದ್ದಳು. ಅಧ್ಯಕ್ಷೆಯೇ ಮುಂದೆ ಹೋದ ಮೇಲೆ ಉಳಿದವರು ಹಿಂದೆ ಬರದಿರುವುದು ಹೇಗೆ? ನೆರೆಮನೆಯ ಗುತ್ಯಮ್ಮ ಬಂದಳು, ಎತ್ತಿನಗಾಡಿಯ ಬೆಳ್ಳಪ್ಪ ಬಂದ, ಗೊಣಗುತ್ತ ಆ ಇಬ್ಬರು ಗಂಡಸರೂ ಬಂದರು. ಮಾಡಿನ ಸಂದಿಯಲ್ಲಿ ಬೇರೂರಿದ್ದ ಅರಳಿ ಗಿಡ ಕಿತ್ತರು. ಬಿರುಕಿಗೆ ಬೆಲ್ಲದ ನೀರಲ್ಲಿ ಅರೆದ ಗಾರೆ ತುಂಬಿದರು.

ಅರವತ್ತೈದರ ಯುಗಾದಿ ಕಳೆದಿತ್ತು. ಹಳೆಯ ರಸ್ತೆ ಶರಾವತಿಯ ಹಿನ್ನೀರಿನಲ್ಲಿ ಮುಳುಗಿ, ಹೊಸ ರಸ್ತೆಯ ಕೆಲಸ ನಡೆದಿತ್ತು. ಒಂದು ಬೆಳಗ್ಗೆ ಬೆಳ್ಳಪ್ಪ ಗಾಡಿಯನ್ನು ನಡುದಾರಿಯಲ್ಲೇ ನಿಲ್ಲಿಸಿ ಓಡಿ ಬಂದ.

"ಯಮುನಕ್ಕ, ಮೋರಿ ಕಟ್ಟೋದಕ್ಕೆ ನಮ್ಮ ಛತ್ರದ ಕಲ್ಲು ಕೀಳ್ತಾರಂತೆ."

ಅವಳು ಉಟ್ಟ ಸೀರೆಯಲ್ಲೇ ರಸ್ತೆಯವರ ಬಿಡಾರಕ್ಕೆ ಹೋದಳು. ಕಂಟ್ರಾಕ್ಟರನ ಮೇಸ್ತ್ರಿ ಕನ್ನಪ್ಪ ಮಾತಿನಲ್ಲಿ ಮರ್ಯಾದಸ್ಥ.

"ಪಾಳು ಕಟ್ಟಡದ ಕಲ್ಲು ತಗೊಳ್ಳೋದಕ್ಕೆ ನಮಗೆ ಒಪ್ಪಿಗೆ ಇದೆ ತಾಯಿ. ಬಳಕೇಲಿ ಇದ್ದಿದ್ದನ್ನ ಮುಟ್ಟೋದಿಲ್ಲ. ಆದ್ರೆ ಅಲ್ಲಿ ಬಾವಲಿ ಬಿಟ್ರೆ ಯಾರಿದ್ದಾರೆ ಹೇಳಿ?"

"ಯಾವಾಗ ಬರ್ತೀರಿ?"

"ನಾಡಿದ್ದು."

ಸಿಟ್ಟಿನಲ್ಲಿ ದಡದಡ ನಡೆಯುತ್ತಿದ್ದವಳಿಗೆ ಅರ್ಧ ದಾರಿಯಲ್ಲಿ ಏನೋ ಹೊಳೆಯಿತು; ಒಬ್ಬಳೇ ನಕ್ಕಳು. ಅಂದೇ ಸಂಜೆ ಸಂಘದವರನ್ನು ಜಗಲಿಗೆ ಕರೆದಳು.

"ನಾಡಿದ್ದು ಛತ್ರದಲ್ಲಿ ಊಟ."

"ಯಾರ ಮದುವೆ?" ಎಂದ ವಾಸಪ್ಪ.

"ಮದುವೆ ಎಂತದೂ ಇಲ್ಲ. ದಾರಿಹೋಕರಿಗೆ ಊಟ. ಛತ್ರ ಕಟ್ಟಿಸಿದ್ದು ಮತ್ತೆ ಎಂತಕ್ಕೆ?"

ನಾಗರಾಜಪ್ಪ ತಲೆ ಕೆರೆದುಕೊಂಡ. "ಇದು ರಸ್ತೆಯವರ ಕಣ್ಣಿಗೆ ಮಣ್ಣೆರಚಿದ ಹಾಗಲ್ವಾ ಯಮುನಕ್ಕ?"

"ಒಂದು ದಿನ ಮಾಡಿ ಕೈಬಿಟ್ರೆ ಹೌದು. ನಾವು ಬಿಡೋದು ಬೇಡ. ಹೆಂಗೂ ಸೋಮವಾರ ಅಲ್ಲೇ ಇರ್ತೀವಿ, ನಾವು ತರೋ ಬುತ್ತಿ ಜೊತೆ ಇನ್ನಷ್ಟು ಜನಕ್ಕೆ ಅಕ್ಕಿ ಹಾಕಿದ್ರಾಯ್ತು."

ಆ ದಿನ ಬಂತು. ಮನೆಮನೆಯಿಂದ ಅಕ್ಕಿ ಬಂತು, ಎಳೆ ಹಲಸಿನಕಾಯಿ ಬಂತು, ಯಾರೋ ಕೊಡಪಾನದ ತುಂಬ ಮಜ್ಜಿಗೆ ಹೊತ್ತು ತಂದರು. ಹಿಂಬದಿಯ ಅಡುಗೆಕೋಣೆಯಲ್ಲಿ ಗೋಡೆಗೆ ತಾಗಿಸಿ ಒಂದು ಕಲ್ಲಿನ ದೋಣಿಯಿತ್ತು. ಅದು ಏತಕ್ಕೆಂದು ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ. ಗುತ್ಯಮ್ಮ ಅನ್ನದ ಗಂಜಿಯನ್ನು ಅದಕ್ಕೆ ಬಸಿದಳು. ಗಂಜಿ ಗೋಡೆಯ ತೂತಿನಲ್ಲಿ ನುಸುಳಿ, ಹೊರಗಿದ್ದ ಕಲ್ಲುಬಾನಿಯೊಳಕ್ಕೆ ಹರಿದು ನಿಂತಿತು. ಮೇಯುತ್ತಿದ್ದ ಯಾರದೋ ಹಸು ಬಂದು, ಅಲ್ಲೇ ಸಾಕಿದಂತೆ, ಮೂತಿಯಿಟ್ಟು ಕುಡಿಯತೊಡಗಿತು.

"ಯಮುನಕ್ಕ, ಇಲ್ಲಿ ಬಂದು ನೋಡಿ," ಎಂದಳು ಗುತ್ಯಮ್ಮ. ಇಬ್ಬರೂ ಸೌಟು ಹಿಡಿದುಕೊಂಡೇ ಆ ಹಸುವನ್ನು ನೋಡುತ್ತ ನಿಂತರು. ಯಮುನಮ್ಮನ ಕಣ್ಣು ತುಂಬಿತು. ಹೊಗೆ ಎಂದು ಸೆರಗಿನಲ್ಲಿ ಒರೆಸಿಕೊಂಡಳು.

ಲಾರಿ ಬಂದಾಗ ಮೊದಲ ಪಂಕ್ತಿ ಕೂತಿತ್ತು. ಸಂತೆಗೆ ಹೊರಟವರು, ಸೌದೆ ಹೊತ್ತವರು, ಅರಳಸುರಳಿ ಊರಿನ ಬಳೆಗಾರ ದಂಪತಿ, ಎಲ್ಲರೂ ಕಂಬಗಳ ಸಾಲಿನಲ್ಲಿ ಬಾಳೆಲೆಯ ಮುಂದೆ. ಕನ್ನಪ್ಪ ಬಾಗಿಲಲ್ಲಿ ನಿಂತ. ಅವನ ಆಳುಗಳ ಹೆಗಲ ಮೇಲೆ ಹಾರೆಗಳಿದ್ದವು.

"ಬನ್ನಿ ಮೇಸ್ತ್ರಿ, ಕೈಕಾಲು ತೊಳ್ಕೊಳ್ಳಿ," ಎಂದಳು ಯಮುನಮ್ಮ. "ಉಂಡ ಮೇಲೆ ಮಾತು."

ಹುರುಳಿಕಾಳು ಹಾಕಿದ ಹಲಸಿನಕಾಯಿ ಹುಳಿಯನ್ನು ಕನ್ನಪ್ಪ ಎರಡು ಸಲ ಹಾಕಿಸಿಕೊಂಡ. ಮಜ್ಜಿಗೆ ಸುರಿದುಕೊಳ್ಳುತ್ತ ಮಾಡಿನತ್ತ ಕಣ್ಣೆತ್ತಿದ. ಬಾವಲಿಗಳಿರಲಿಲ್ಲ, ಹೊಸ ಗಾರೆ ಬೆಳ್ಳಗೆ ಕಾಣುತ್ತಿತ್ತು.

"ಇದು ಇವತ್ತಿನ ಮಟ್ಟಿಗಾ ತಾಯಿ?"

"ಇವತ್ತು ನಿಮಗೋಸ್ಕರ ಹೂಡಿದ್ದು, ಸುಳ್ಳು ಹೇಳೋದಿಲ್ಲ. ಇನ್ಮೇಲೆ ಪ್ರತಿ ಸೋಮವಾರ. ನಿಮ್ಮ ರಸ್ತೆ ಮುಗಿಯೋವರೆಗೂ ಬಂದು ನೋಡಿ."

ಕನ್ನಪ್ಪ ಎಲೆಯಲ್ಲಿ ಉಳಿದ ಮಜ್ಜಿಗೆಯನ್ನು ಬಳಿದುಕೊಂಡ. ಆಮೇಲೆ ಮಡಚಿ ಎದ್ದ. "ಉಂಡ ಜಾಗವನ್ನ ಪಾಳು ಅಂತ ಯಾವ ಬಾಯಲ್ಲಿ ಹೇಳ್ಲಿ? ಗುಡ್ಡದ ಬಂಡೆ ಇದೆ, ಅದನ್ನೇ ಒಡೆಸ್ತೀನಿ. ಕಂಟ್ರಾಕ್ಟರ್ ಸಾಹುಕಾರ್ರಿಗೆ ನಾನು ಹೇಳ್ಕೋತೀನಿ."

ಹೊರಟವನು ಮುಂದಿನ ಜಗಲಿಯಲ್ಲಿ ನಿಂತ. ಅಲ್ಲೊಂದು ಕಲ್ಲಿನ ತೊಲೆ ಕಂಬದಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತುವುದು ಸಂಘದವರ ಕೈಯಲ್ಲಾಗಿರಲಿಲ್ಲ. ಕನ್ನಪ್ಪ ತನ್ನವರನ್ನು ಕೂಗಿದ. ಕೀಳಲು ತಂದಿದ್ದ ಹಾರೆಗಳು ತೊಲೆಯ ಅಡಿಗೆ ಹೋದವು. ನಾಗರಾಜಪ್ಪ ಒಂದು ತುದಿಗೆ, ವಾಸಪ್ಪ ಇನ್ನೊಂದು ತುದಿಗೆ ಹೆಗಲು ಕೊಟ್ಟರು. "ಐಸಾ" ಎನ್ನುತ್ತ ಎಲ್ಲರೂ ಒಟ್ಟಿಗೆ ಎತ್ತಿದರು. ತೊಲೆ ಗೊರಗೊರ ಸದ್ದು ಮಾಡಿ ಕಂಬದ ತಲೆಯ ಮೇಲೆ ಕೂತಿತು. ಉಂಡು ನಿಂತಿದ್ದ ಜನ ಚಪ್ಪಾಳೆ ತಟ್ಟಿದರು.

ಲಾರಿ ಬರಿದಾಗಿ ಹೋಯಿತು. ಪಾತ್ರೆ ತೊಳೆಯುತ್ತಿದ್ದ ಯಮುನಮ್ಮನ ಬಳಿಗೆ ಬಳೆಗಾರನ ಹೆಂಡತಿ ಸಂಕೋಚದಿಂದ ಬಂದಳು.

"ಅಮ್ಮಾ, ಇವರಿಗೆ ಕಾಲು ನೋವು. ಇವತ್ತು ಇಲ್ಲೇ ಉಳ್ಕೊಳ್ಳಬಹುದಾ?"

ಯಮುನಮ್ಮನಿಗೆ ತಿಳಿದಂತೆ, ಈ ಛತ್ರದಲ್ಲಿ ಇದುವರೆಗೆ ಯಾರೂ ಈ ಮಾತು ಕೇಳಿರಲಿಲ್ಲ. ಕೈಯ ಬೂದಿ ತೊಳೆದು ಎದ್ದಳು.

"ಗಾಳಿ ಬರೋ ಕಡೆ ಮಲಗ್ಸಿ ಅವರನ್ನ. ನಾನು ಚಾಪೆ ಕಳಿಸ್ತೀನಿ."